ಅತ್ತೆಯ ಜಿಯೆನ್‌ಬಿಂಗ್ ವ್ಯಾಪಾರ: ನೆಲಮಾಳಿಗೆ ಮಳಿಗೆಯೋ, ಗಾಡಿಯೋ? ಅನುಭವ ಇದ್ದವರು ಹೇಳಿ

ಶಿವಮೊಗ್ಗದ ಸೊಸೆ:
ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ. ಗಂಡನ ಊರು ಉತ್ತರ ಚೀನಾದ ತಿಯೆನ್‌ಜಿನ್. ಅತ್ತೆ ಅಲ್ಲಿ 19 ವರ್ಷ ಬೆಳಗಿನ ಹೊತ್ತು ಬೀದಿಬದಿ ಜಿಯೆನ್‌ಬಿಂಗ್, ಅಂದ್ರೆ ದೋಸೆಯಂಥ ಚೀನೀ ತಿಂಡಿ, ಮಾರಿದವರು. ಹೆಸರುಕಾಳಿನ ಹಿಟ್ಟು ತೆಳ್ಳಗೆ ಹುಯ್ದು, ಮೇಲೆ ಮೊಟ್ಟೆ ಒಡೆದು ಹರಡಿ, ಒಳಗೆ ಯೌತಿಯಾವೊ (ಎಣ್ಣೆಯಲ್ಲಿ ಕರಿದ ಹಿಟ್ಟಿನ ಕಡ್ಡಿ) ಇಟ್ಟು ಮಡಚೋದು. ನಮ್ಮ ಅಮ್ಮ ಬಂದಿದ್ದಾಗ ಇಬ್ಬರೂ ಭಾಷೆ ಬರದೇನೇ ಒಂದೇ ಒಲೆ ಮುಂದೆ ನಿಂತು ದೋಸೆ, ಬಿಂಗ್ ಹುಯ್ದರು. ಈಗ ಮೇನ್ ಸ್ಟ್ರೀಟ್ ಹತ್ತಿರ ನೆಲಮಾಳಿಗೆ ಫುಡ್‌ಕೋರ್ಟಲ್ಲಿ 120 ಚದರಡಿ ಮಳಿಗೆ ಸಿಗ್ತಿದೆ. ತಿಂಗಳಿಗೆ 4,600 ಡಾಲರ್, ಮೂರು ತಿಂಗಳ ಮುಂಗಡ. ಇಲ್ಲಾಂದ್ರೆ ಗಾಡಿ. ಕೈಯಲ್ಲಿರೋದು 85,000. ಅತ್ತೆಗೆ 66 ವರ್ಷ. ತಿಯೆನ್‌ಜಿನ್‌ನಿಂದ ತಂದ ಅವರ ಕಾವಲಿಯನ್ನೇ ಬಳಸಬಹುದಾ ಅಂತಲೂ ತಿಳಿಸಿ.

ಧಾರವಾಡದಾಂವ, ಎಲ್ಮ್‌ಹರ್ಸ್ಟ್:
ಅಕ್ಕಾರ, ಮಳಗಿ ಅಂದಕೂಡ್ಲೆ ನನ್ನ ಎದಿ ಝಲ್ ಅಂತೈತಿ. ನಮ್ಮದು ಚೀನಾದ ಶಿಆನ್ ಊರ ಕಡಿ ಅಡಿಗಿ. ನಮ್ಮ ಮನಿಯಾಕಿ ತವರು ಅದು. ಮಾವಾರ ಕೈರುಚಿ ನಂಬಿ 2017ರಾಗ ಅಂಗಡಿ ತಗದ್ವಿ, 2022ರಾಗ ಮುಚ್ಚಿದ್ವಿ. ಹೊಗಿ ಎಳಿಯೂ ಹುಡ್, ಅದಕ್ಕ ಬೆಂಕಿ ಆರಿಸೂ ಪೈಪು, ಮಾಳಗಿ ಮ್ಯಾಲ ತನಕ ಡಕ್ಟ್, ಮೂರೂ ಕೂಡಿ 38,700 ಡಾಲರ್. ಮೊದಲ ಹೇಳಿದ್ದು 24,000. ಗ್ಯಾಸ್ ಮೀಟರಿಗೆ ಏಳು ತಿಂಗಳ ಕಾದ್ವಿ. ಏಳೂ ತಿಂಗಳ 5,200ರಂಗ ಬಾಡಿಗಿ ಕಟ್ಟೇವಿ. 36,400 ಡಾಲರ್, ಒಂದ್ ಬಟ್ಟಲಾ ಮಾರೂಕಿಂತ ಮೊದಲ!

ಆಮ್ಯಾಲ ಲಿಯಾಂಗ್‌ಪಿ, ಅಂದ್ರ ತಣ್ಣಗ ತಿನ್ನೂ ಗೋದಿ ನೂಡಲ್ಸ್. ಮಾವಾರು ರಾತ್ರಿ ಕಣಕ ತೊಳದು, ಆ ಹಾಲಿನಂಥ ನೀರು ತಿಳಿಯಾಗಾಕ ಬಿಟ್ಟು, ನಸುಕಿನ್ಯಾಗ ನಾಕಕ್ಕ ಎದ್ದು ತಾಟಿನ್ಯಾಗ ಹೊಯ್ದು ಉಗಿಯೊಳಗ ಬೇಯಿಸೂರು. ಆ ಹಾಳಿ ಫ್ರಿಜ್‌ನ್ಯಾಗ ಇಟ್ಟರ ಬಿರುಸಾಗಿ ಮುರೀತೈತಿ. ಹೊರಗ ಇಟ್ಟರ ತಪಾಸಣಿಯವರು ಥರ್ಮಾಮೀಟರ್ ಚುಚ್ತಾರ, 41 ಡಿಗ್ರಿ ಫ್ಯಾರನ್‌ಹೀಟ್ ದಾಟಂಗಿಲ್ಲ. ಮೊದಲ ಸಲ 26 ತಪ್ಪಿನ ಅಂಕ, ಎರಡನೇ ಸಲ 19. 13ರ ಒಳಗಿದ್ರ ಎ, ನಮಗ ಬಿ ಬಂತು. ಆ ಬಿ ಅಕ್ಷರ ಕಿಟಕಿಗೆ ಅಂಟಿಸಿದ ದಿನ ಮಾವಾರು ಊಟಾ ಮಾಡ್ಲಿಲ್ಲ. ಇಂಗ್ಲಿಷ್ ಬರಂಗಿಲ್ಲ ಅವರಿಗೆ, ಆದರ ಆ ಅಕ್ಷರಕ್ಕ ಏನರ್ಥ ಅಂತ ಗೊತ್ತಿತ್ತು.

ಬೋನ್ ಸ್ಟ್ರೀಟ್ ನಿವಾಸಿ:
ಹೆದರಬೇಡಿ ತಂಗಿ. ಶಿಆನ್ ಫೇಮಸ್ ಫುಡ್ಸ್ ಅನ್ನೋ ಹೋಟೆಲ್ ಸರಣಿ ಬೆಳೆದದ್ದು ಎಲ್ಲಿ? ಇದೇ ಫ್ಲಶಿಂಗ್‌ನ ಗೋಲ್ಡನ್ ಶಾಪಿಂಗ್ ಮಾಲಿನ ನೆಲಮಾಳಿಗೆಯಲ್ಲಿ. 2005ರಲ್ಲಿ ಅಪ್ಪ ಡೇವಿಡ್ ಶಿ ಶುರು ಮಾಡಿದರು, ಮಗ ಜೇಸನ್ ವಾಂಗ್ ಕಾಲೇಜು ಮುಗಿಸಿ ಬಂದು ಕೈಜೋಡಿಸಿದ. ನಮ್ಮ ಗಣೇಶನ ದೇವಸ್ಥಾನದ ಕ್ಯಾಂಟೀನೂ ನೆಲಮಾಳಿಗೆಯೇ, ದೋಸೆಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ.

ನಾನು ಚೀನಾದ ಶಾಂದೊಂಗ್‌ನ ಸಹೋದ್ಯೋಗಿ ಜೊತೆ ಪಾಲುದಾರಿಕೆಯಲ್ಲಿ ಹತ್ತಡಿ ಮಳಿಗೆ ಹಿಡಿದದ್ದು 2010ರಲ್ಲಿ. ನೀರಲ್ಲಿ ಬೇಯಿಸುವ ಜಿಯಾವೊಜಿ (ಹೂರಣ ತುಂಬಿ ಮಡಚುವ ಚೀನೀ ಕಡುಬು) ಮಾತ್ರ. ಕರಿಯೋದಿಲ್ಲ, ಹುರಿಯೋದಿಲ್ಲ. ನನ್ನ ಹೆಂಡತಿ ಮತ್ತು ಪಾಲುದಾರನ ತಾಯಿ ದಿನಕ್ಕೆ 900 ಕೈಯಲ್ಲೇ ಮಡಚಿದರು. ಹದಿಮೂರು ವರ್ಷ ನಡೆಸಿದೆವು. ಇಬ್ಬರು ಮಕ್ಕಳ ಕಾಲೇಜು ಫೀಸು ಆ ಹತ್ತಡಿಯಿಂದಲೇ ಬಂತು. ನೀರು ಮಾತ್ರ ಕಾಡಿತು. ಮೇಲಿನ ಮಹಡಿಯ ಚರಂಡಿ ಮೂರು ಸಲ ಕಟ್ಟಿ ನಮ್ಮ ಹಿಟ್ಟಿನ ಚೀಲಗಳ ಮೇಲೆ ಸುರೀತು. 2014ರ ಡಿಸೆಂಬರಲ್ಲಿ ಒಂದೇ ರಾತ್ರಿ 22 ಚೀಲ ಹೋಯ್ತು.

ಧಾರವಾಡದಾಂವ, ಎಲ್ಮ್‌ಹರ್ಸ್ಟ್:
ಯಜಮಾನರ, ಗುಡಿ ಕ್ಯಾಂಟೀನು ಗುಡಿ ಸ್ವಂತ ಕಟ್ಟಡದಾಗ ಐತಿ. ಅದನ್ನ ತಂದು ಬಾಡಿಗಿ ಅಂಗಡಿಗೆ ಹೋಲಿಸಿದ್ರ ಹ್ಯಾಂಗ್ರೀ? ಆ ಗೋಲ್ಡನ್ ಮಾಲ್ 2019ರಾಗ ನವೀಕರಣಕ್ಕಂತ ಬಾಗಲಾ ಹಾಕಿದಾಗ ಅಲ್ಲಿ ಸಣ್ಣ ಮಳಗಿ ಇಟ್ಟಾವ್ರೆಲ್ಲ ಗಂಟು ಕಟ್ಟಬೇಕಾತು. ಅವರದೂ ಒಂದೀಟು ಹೇಳ್ರಲಾ. ನೀರಾಗ ಕುದಿಸೂದಕ್ಕ ಮತ್ತ ಕಾವಲಿ ಮ್ಯಾಲ ಎಣ್ಣಿ ಹಾಕೂದಕ್ಕ ಹುಡ್‌ನ ಲೆಕ್ಕ ಒಂದ ಅಲ್ಲ.

ಗಾಡಿ ಇಟ್ಟವ, ಜಾಕ್ಸನ್ ಹೈಟ್ಸ್ (ಊರು ಕುಂದಾಪುರ):
ಗಾಡಿ ವಿಷಯ ಯಾರೂ ಹೇಳ್ಲಿಲ್ಲ, ನಾನು ಹೇಳ್ತೆ. ನಗರಕ್ಕೆ ಕೊಡುವ ಪರವಾನಗಿ ಶುಲ್ಕ ಎರಡು ವರ್ಷಕ್ಕೆ 200 ಡಾಲರ್. ನಾನು ಕೊಟ್ಟದ್ದು 21,000. ಯಾಕಂದ್ರೆ ಪರವಾನಗಿ ಸಂಖ್ಯೆಗೆ 1983ರಿಂದ ಮಿತಿ ಉಂಟು, ಇದ್ದವರು ಬಾಡಿಗೆಗೆ ಬಿಡ್ತಾರೆ. 2021ರ ಕಾನೂನು ವರ್ಷಕ್ಕೆ 445 ಹೊಸದು ಕೊಡಬೇಕು ಅಂತು, ನಾನು ಇನ್ನೂ ಕಾಯ್ತಾ ಇದ್ದೇನೆ. ಅದರ ಮೇಲೆ ರಾತ್ರಿ ಗಾಡಿ ನಿಲ್ಲಿಸಿ ತೊಳೆಯುವ ಜಾಗಕ್ಕೆ ತಿಂಗಳಿಗೆ 650. ಎಳೆದು ತರುವ ವ್ಯಾನಿಗೆ ಬೇರೆ. ಫುಟ್‌ಪಾತಲ್ಲಿ ಅಂಗಡಿ ಬಾಗಿಲಿನಿಂದ ದೂರ ಅಳೆದು ನಿಲ್ಲಿಸಿದ್ರೂ ಮೊದಲ ವರ್ಷ ಏಳು ದಂಡ. ಫೆಬ್ರವರಿಯಲ್ಲಿ ಹಿಟ್ಟು ಹುಯ್ಯುವ ಮೊದಲೇ ಸೌಟಲ್ಲಿ ಗಟ್ಟಿ ಆಗ್ತದೆ ಮಾರಾಯ್ರೆ.

ಆದ್ರೂ ನಾನು ಗಾಡಿ ಬಿಡಲಿಲ್ಲ. ನಾನು ಮತ್ತು ನನ್ನ ಹೆಂಡತಿ (ಅವಳು ಈಶಾನ್ಯ ಚೀನಾದ ಹರ್ಬಿನ್ನಿನವಳು) ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ 140 ಬಿಂಗ್ ಮಾಡ್ತೇವೆ. ಹೆಸರು ಅರ್ಧ, ಮೈದಾ ಅರ್ಧ ಹಾಕಿದ್ರೆ ಬಿಂಗ್ ಹರಿದು ಚೂರಾಗುವುದಿಲ್ಲ, ಬೇಗ ಮಗುಚಬಹುದು.

ಬೋನ್ ಸ್ಟ್ರೀಟ್ ನಿವಾಸಿ:
ಬೇರೆಯವರ ಪರವಾನಗಿ ಬಾಡಿಗೆಗೆ ತಗೊಳ್ಳೋದು ಕಾನೂನಿಗೆ ವಿರುದ್ಧ. ಅದನ್ನ ಈ ಹೆಣ್ಣುಮಗಳಿಗೆ ದಾರಿ ಅಂತ ತೋರಿಸ್ತಿದ್ದೀರಲ್ಲ, ಗಾಡಿ ಎತ್ತಿಕೊಂಡು ಹೋದರೆ ಯಾರು ಹೊಣೆ?

ಗಾಡಿ ಇಟ್ಟವ, ಜಾಕ್ಸನ್ ಹೈಟ್ಸ್:
ದಾರಿ ಅಂತ ನಾನೆಲ್ಲಿ ಹೇಳಿದೆ? ನನಗೆ ಆದದ್ದು ಹೇಳಿದೆ. ನನಗೆ 21,000 ಹೋದ ಸಂಕಟ ಉಂಟು. ನೀವು 2010ರ ಬಾಡಿಗೆಯಲ್ಲಿ ಕೂತವರು.

ತಿಯೆನ್‌ಜಿನ್ ಡಾಕ್ಟರ್, ಮೈಸೂರು:
ಅರ್ಧ ಮೈದಾ? ಕ್ಷಮಿಸಿ, ಇದಕ್ಕೆ ಸುಮ್ಮನಿರೋಕಾಗಲ್ಲ. ನಾನು ತಿಯೆನ್‌ಜಿನ್‌ನಲ್ಲಿ ಎಂಬಿಬಿಎಸ್ ಓದಿದವಳು. ಆರು ವರ್ಷ ಹಾಸ್ಟೆಲ್ ಗೇಟಿನ ಮುಂದೆ ಒಬ್ಬ ಅಜ್ಜಿಯ ಹತ್ತಿರ ತಿಂದಿದ್ದೀನಿ. ಮನೆಯಿಂದ ಮೊಟ್ಟೆ ತಂದು ಕೊಟ್ಟು ಅದರಲ್ಲೇ ಮಾಡಿಸಿಕೊಳ್ಳುವವರಿದ್ದ ಊರು ಅದು. ಆ ಊರಿನ ಆಹಾರ ಉದ್ಯಮದ ಸಂಘ 2018ರಲ್ಲಿ ಜಿಯೆನ್‌ಬಿಂಗ್‌ಗೆ ಮಾನದಂಡವನ್ನೇ ಹೊರಡಿಸಿತು. ಸಾಸೇಜು, ಲೆಟ್ಯೂಸ್ ತುಂಬಿದರೆ ಅಲ್ಲಿಯವರು ಮುಖ ತಿರುಗಿಸ್ತಾರೆ. ಹೆಸರಿನ ವಾಸನೆ ಬರದಿದ್ದರೆ ಅದು ಬಿಂಗೇ ಅಲ್ಲ. ಪೋಸ್ಟ್ ಹಾಕಿದವರ ಅತ್ತೆ ಇದನ್ನ ಓದಿದ್ರೆ ನೊಂದುಕೊಳ್ತಾರೆ.

ಗಾಡಿ ಇಟ್ಟವ, ಜಾಕ್ಸನ್ ಹೈಟ್ಸ್:
ಡಾಕ್ಟ್ರೇ, ತಿಂದವರು ಬೇರೆ, ಕಾವಲಿ ಮುಂದೆ ನಿಂತವರು ಬೇರೆ. ಬರೀ ಹೆಸರಿನ ಬಿಂಗ್ ಚಳಿಯಲ್ಲಿ ಹರಿದು ಮೊದಲ ತಿಂಗಳು ದಿನಕ್ಕೆ 30 ಬಿಸಾಡಿದೆವು. ಹರ್ಬಿನ್ನಲ್ಲಿ ಮೈದಾ ಹಾಕ್ತಾರೆ, ನನ್ನ ಹೆಂಡತಿ ಅಲ್ಲೇ ಹುಟ್ಟಿದವಳು. ಅವಳದ್ದು ಸುಳ್ಳು ಅಂತೀರಾ?

ಶಿವಮೊಗ್ಗದ ಸೊಸೆ:
ದಯವಿಟ್ಟು ಜಗಳ ಬೇಡ. ಕಾವಲಿ ಬಗ್ಗೆ ಯಾರಾದ್ರೂ ಹೇಳ್ತೀರಾ? ದೇವಸ್ಥಾನದಿಂದ ಬರೋರಿಗೆ ಮೊಟ್ಟೆ ಇಲ್ಲದ್ದೂ ಮಾಡೋಣ ಅಂತ ನನಗಾಸೆ.

ಧಾರವಾಡದಾಂವ, ಎಲ್ಮ್‌ಹರ್ಸ್ಟ್:
ಎನ್‌ಎಸ್‌ಎಫ್ ಮುದ್ರಿ (ಅಡಿಗಿ ಸಾಮಾನು ಸ್ವಚ್ಛತಾ ಪರೀಕ್ಷಾ ದಾಟೇತಿ ಅನ್ನೂ ಗುರುತು) ಇಲ್ಲದ ಕಾವಲಿ ತರಬ್ಯಾಡ್ರಿ. ನಾವು ಶಿಆನ್‌ದಿಂದ ತರಿಸಿದ ರೊಟ್ಟಿ ಒಲಿ, ಸಾಗಾಣಿಕಿ ಕೂಡಿ 2,900 ಡಾಲರ್, ಒಂದ್ ದಿನಾನೂ ಹಚ್ಚಾಕ ಬಿಡ್ಲಿಲ್ಲ. ಇನ್ನೂ ನಮ್ಮ ಬೇಸ್‌ಮೆಂಟಿನ್ಯಾಗ ಐತಿ. ಮತ್ತ ಎಳ್ಳು ಹಾಕೂದಿದ್ರ 2023ರಿಂದ ಅದೂ ಅಲರ್ಜಿ ಪಟ್ಟಿಯೊಳಗ ಸೇರೈತಿ, ನೆನಪಿರ್ಲಿ.

(ಇದು ಅವರ ಹೆಂಡತಿ ಬರೀತಿರೋದು, ಕನ್ನಡ ತಪ್ಪಿದ್ರೆ ಕ್ಷಮಿಸಿ. ನಿಮ್ಮ ಅತ್ತೆಗೆ 66 ಅಂದ್ರಿ. ನಮ್ಮ ಅಪ್ಪನಿಗೆ 64. ದಿನಾ ಕಣಕ ತೊಳೆದು ಎರಡೂ ಮಣಿಕಟ್ಟು ಊದಿ ಆಪರೇಷನ್ ಆಯ್ತು. ಅಪ್ಪ ಮಲಗಿದ ಆರು ವಾರದಲ್ಲಿ ಬಂದ ಗಿರಾಕಿಗಳು ತಿರುಗಿ ಬರಲಿಲ್ಲ. ಗ್ಯಾಸ್ ಮೀಟರಿಗಿಂತ ನಮ್ಮನ್ನ ಮುಳುಗಿಸಿದ್ದು ಅದು. ಇವರು ಅದನ್ನ ಬರೆಯಲ್ಲ.)

ಬೋನ್ ಸ್ಟ್ರೀಟ್ ನಿವಾಸಿ:
ನಮ್ಮ ಪಾಲುದಾರನ ತಾಯಿ 78ರವರೆಗೆ ಮಡಚಿದರು. ಕೂತು ಮಾಡುವ ಕೆಲಸ ಅದು, ಅದಕ್ಕೇ ನಾನು ಜಿಯಾವೊಜಿ ಅಂದದ್ದು.

ತಿಯೆನ್‌ಜಿನ್ ಡಾಕ್ಟರ್, ಮೈಸೂರು:
ಮೊಟ್ಟೆ ಇಲ್ಲದ ಜಿಯೆನ್‌ಬಿಂಗಾ? ಹಾಗಾದರೆ ಪೆಸರಟ್ಟು ಅಂತಲೇ ಬೋರ್ಡ್ ಹಾಕಿ.

ಶಿವಮೊಗ್ಗದ ಸೊಸೆ:
ಅತ್ತೆಗೆ ಕೇಳಿದೆ ಮೇಡಂ. ದುಡ್ಡಿಲ್ಲದ ಗಿರಾಕಿಗಳಿಗೆ ಅಲ್ಲೂ ಮೊಟ್ಟೆ ಬಿಟ್ಟು ಮಾಡಿ ಕೊಟ್ಟಿದ್ದೀನಿ ಅಂದರು. ಕುಂದಾಪುರದವರೇ, ಚಳಿಯಲ್ಲಿ ಬಿಂಗ್ ಹರಿದು ಹೋಗೋದಕ್ಕೆ ಕಾವಲಿ ಕಾವು ಸಾಲದ್ದು ಕಾರಣ, ಮೈದಾ ಬೇಡ ಅಂತಿದ್ದಾರೆ. ಶನಿವಾರ ನಿಮ್ಮ ಗಾಡಿ ಹತ್ತಿರ ಬಂದು ನೋಡಬಹುದಾ ಅಂತ ಕೇಳ್ತಿದ್ದಾರೆ.

ಗಾಡಿ ಇಟ್ಟವ, ಜಾಕ್ಸನ್ ಹೈಟ್ಸ್:
ಆರು ಗಂಟೆಗೇ ಕರ್ಕೊಂಡು ಬನ್ನಿ. ಏಳರ ಮೇಲೆ ಮಾತಾಡಲಿಕ್ಕೆ ಆಗುವುದಿಲ್ಲ. ಬರೀ ಹೆಸರಿನ ಹಿಟ್ಟು ಒಂದು ಡಬ್ಬ ಅವರೇ ತರಲಿ, ನನ್ನ ಕಾವಲಿಯಲ್ಲಿ ಹುಯ್ದು ತೋರಿಸಲಿ.