ಏರಿಯಾ 0ಗೆ ಎಂಡಿ5 ಹಾಕಿದ ಮೇಲೆ ವರ್ಚುವಲ್ ಲಿಂಕ್ ಬಿದ್ದುಹೋಗಿದೆ

ಪ್ರಶ್ನೆ:
ಸಿಸ್ಕೋ ರೂಟರ್‌ಗಳ ಸಾಫ್ಟ್‌ವೇರ್ ಐಒಎಸ್‌ನಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳೋ ಪ್ರೋಟೋಕಾಲ್) ಲ್ಯಾಬ್ ಮಾಡ್ತಿದ್ದೀನಿ. ರೂಟರ್ ಆರ್1–ಆರ್2 ನಡುವೆ ಏರಿಯಾ 0 (ಬೆನ್ನೆಲುಬು ಏರಿಯಾ), ಆರ್2–ಆರ್3 ನಡುವೆ ಏರಿಯಾ 1, ಆರ್3 ಆಚೆಗೆ ಏರಿಯಾ 2. ಏರಿಯಾ 2 ನೇರವಾಗಿ ಏರಿಯಾ 0ಗೆ ತಾಗಲ್ಲ, ಹಾಗಾಗಿ ಜೋಡಿಸೋಕೆ ಆರ್2–ಆರ್3 ವರ್ಚುವಲ್ ಲಿಂಕ್ ಇದೆ. ಆರ್1, ಆರ್2 ಎರಡರಲ್ಲೂ "ಏರಿಯಾ 0 ಅಥೆಂಟಿಕೇಶನ್ ಮೆಸೇಜ್-ಡೈಜೆಸ್ಟ್" (ಎಂಡಿ5 ದೃಢೀಕರಣ) ಕೊಟ್ಟು, ಇಂಟರ್‌ಫೇಸ್‌ಗೆ ಕೀ ಹಾಕಿದೆ. ಎಲ್ಲ ನೇಬರ್‌ಗಳೂ ಫುಲ್ (ಸಂಪರ್ಕ ಪೂರ್ತಿ). ಸೇವ್ ಮಾಡಿ ಮಲಗಿದೆ. ಬೆಳಿಗ್ಗೆ ಆನ್ ಮಾಡಿದರೆ ಆರ್1ರಲ್ಲಿ ಏರಿಯಾ 2ರ ಒಂದು ರೂಟೂ ಇಲ್ಲ! ಆರ್3ರ ಡೀಬಗ್‌ನಲ್ಲಿ ಬಂದ ಪ್ಯಾಕೆಟ್ ಟೈಪ್ 2 (ಎಂಡಿ5), ನಮ್ಮದು ಟೈಪ್ 0 (ದೃಢೀಕರಣ ಇಲ್ಲ) ಅಂತಿದೆ. ಆರ್3ಗೆ ಏರಿಯಾ 0ರ ಇಂಟರ್‌ಫೇಸೇ ಇಲ್ಲವಲ್ಲ? ಎಂಡಿ5 ಬಿಟ್ಟು ಬೇರೆ ವಿಧಾನ ಹಾಕಲೇ?

ಉತ್ತರ:
ವಿಧಾನ ಬದಲಿಸಬೇಡಿ. ವರ್ಚುವಲ್ ಲಿಂಕ್ ಏರಿಯಾ 1ರೊಳಗೆ ಹಾದು ಹೋದರೂ ಅದು ಏರಿಯಾ 0ಗೆ ಸೇರಿದ್ದು. ಆರ್2 ಅದರ ಮೇಲೂ ಟೈಪ್ 2 ಕಳಿಸ್ತಿದೆ, ಆರ್3ಗೆ ಯಾರೂ ಹೇಳಿಲ್ಲ. ಅದೇ ಏರಿಯಾ 0 ಸಾಲನ್ನು ಆರ್3ರಲ್ಲೂ ಹಾಕಿ.

ರಾತ್ರಿ ಯಾಕೆ ಬೀಳಲಿಲ್ಲ ಅನ್ನೋದನ್ನ ಚೆನ್ನಾಗಿ ಅರ್ಥ ಮಾಡ್ಕೊಳ್ಳಿ. ಐಒಎಸ್ ವರ್ಚುವಲ್ ಲಿಂಕನ್ನ ಡಿಮ್ಯಾಂಡ್ ಸರ್ಕ್ಯೂಟ್ (ಬೇಕಾದಾಗ ಮಾತ್ರ ಬಳಸೋ ಲಿಂಕ್) ಥರ ನಡೆಸುತ್ತೆ. ಒಮ್ಮೆ ಫುಲ್ ಆದಮೇಲೆ ಹಲೋ (ನೇಬರ್ ಇದ್ದಾನಾ ಅಂತ ನೋಡೋ ಪ್ಯಾಕೆಟ್) ನಿಂತುಹೋಗುತ್ತೆ. ಹಲೋನೇ ಇಲ್ಲ ಅಂದಮೇಲೆ ತಪ್ಪು ಗೊತ್ತಾಗೋದಾದರೂ ಹೇಗೆ? ಅಥೆಂಟಿಕೇಶನ್ ಮುಟ್ಟಿದಾಗಲೆಲ್ಲ "ಕ್ಲಿಯರ್ ಐಪಿ ಓಎಸ್‌ಪಿಎಫ್ ಪ್ರೋಸೆಸ್" ಕೊಟ್ಟು ನೋಡಿ. ಪರೀಕ್ಷೆಯಲ್ಲಿ ಇದೊಂದರಿಂದ ಅಂಕ ಕಳೆದುಕೊಂಡವನು ನಾನು.

ಪ್ರಶ್ನೆ ಕೇಳಿದವರು:
ಬಂತು! ವರ್ಚುವಲ್ ಲಿಂಕ್‌ಗೆ ಕೀ ಹಾಕೋ ಮೊದಲೇ ಫುಲ್ ಆಯ್ತು. ಇಷ್ಟು ಸಾಕಾ?

ಉತ್ತರ:
ಸಾಲದು. "ಶೋ ಐಪಿ ಓಎಸ್‌ಪಿಎಫ್ ವರ್ಚುವಲ್-ಲಿಂಕ್ಸ್" ನೋಡಿ, ಕೀ ಇಲ್ಲ, ಡೀಫಾಲ್ಟ್ ಕೀ ಐಡಿ 0 ಬಳಸ್ತಿದೀನಿ ಅಂತ ಇರುತ್ತೆ. ಅಂದರೆ ಎರಡೂ ಕಡೆ ಖಾಲಿ ಕೀ, ಬಾಗಿಲಿದೆ, ಚಿಲಕ ಇಲ್ಲ. ಆರ್2, ಆರ್3 ಎರಡರಲ್ಲೂ "ಏರಿಯಾ 1 ವರ್ಚುವಲ್-ಲಿಂಕ್", ಎದುರಿನ ರೂಟರ್ ಐಡಿ, ಆಮೇಲೆ "ಮೆಸೇಜ್-ಡೈಜೆಸ್ಟ್-ಕೀ 1 ಎಂಡಿ5" ಮತ್ತು ಕೀ ಕೊಡಿ. ಕೀ ಐಡಿಯೂ ಹೊಂದಬೇಕು.

ಪರೀಕ್ಷೆಯಲ್ಲಿ ವಿಧಾನದ ಆಯ್ಕೆಗೆ ಪ್ರಶ್ನೆಯ ಮಾತನ್ನೇ ಹಿಡಿಯಿರಿ. ಟೈಪ್ 1ರಲ್ಲಿ (ಸರಳ ಪಾಸ್‌ವರ್ಡ್) ಕೀ ಪ್ಯಾಕೆಟ್‌ನಲ್ಲಿ ಹಾಗೇ ಓದಬಹುದು, ಅದೂ 8 ಅಕ್ಷರ ಮಾತ್ರ. ಕೀ ಕಾಣಬಾರದು ಅಂದರೆ ಟೈಪ್ 2. ಎಸ್‌ಎಚ್‌ಎ (ಎಂಡಿ5ಗಿಂತ ಬಲವಾದ ಹ್ಯಾಶ್) ಅಂತ ಕೇಳಿದರೆ ಕೀ ಚೈನ್ (ಹೆಸರಿಟ್ಟ ಕೀಗಳ ಪಟ್ಟಿ). ಓಎಸ್‌ಪಿಎಫ್‌ಗೆ ಎಸ್‌ಎಚ್‌ಎ 2009ರ ಆರ್‌ಎಫ್‌ಸಿ 5709 ಎಂಬ ಇಂಟರ್ನೆಟ್ ಮಾನದಂಡದಿಂದ ಬಂದದ್ದು. ಕೀ ಚೈನ್‌ನಲ್ಲಿ ಕೀ ಕೊನೆಗೆ ಸ್ಪೇಸ್ ಬಿದ್ದರೆ ಅದೂ ಕೀಯ ಭಾಗವೇ. "ಶೋ ಕೀ ಚೈನ್" ಕೊಟ್ಟು ಉದ್ಧರಣ ಚಿಹ್ನೆ ಎಲ್ಲಿ ಮುಗಿಯುತ್ತೆ ನೋಡಿ.