ಎರಡೂ ಪಿಕಪ್ ಪೂರ್ತಿ ತೆರೆದರೆ ಬೇಸ್ ಗಿಟಾರ್ ಸದ್ದು ಸೊರಗುತ್ತೆ, ಏನು ನೋಡಬೇಕು?

ಮಂದ್ರ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ನಾಲ್ಕು ತಂತಿಯ ಬೇಸ್ ತಗೊಂಡಿದ್ದೇನೆ. ಹೆಡ್‌ಸ್ಟಾಕ್ ಮೇಲೆ ಹೆಸರಿಲ್ಲ, ಯಾರೋ ಉಜ್ಜಿ ತೆಗೆದಿದ್ದಾರೆ. ನೋಡೋಕೆ ಫೆಂಡರ್ ಕಂಪನಿಯ ಜಾಝ್ ಬೇಸ್ ತರಹ ಇದೆ: ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಆಯಸ್ಕಾಂತ ಮತ್ತು ಸುರುಳಿ), ಎರಡು ವಾಲ್ಯೂಮ್, ಒಂದು ಟೋನ್. ಹಿಂದಿನವರು ಪಿಕಪ್ ಬದಲಾಯಿಸಿದ್ದಾರಂತೆ. ಯಾವುದು ಹಾಕಿದ್ದು ಅಂತ ಅವರಿಗೂ ನೆನಪಿಲ್ಲ.

ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಕಡೆಯ ಪಿಕಪ್ ಒಂದನ್ನೇ ತೆರೆದರೆ ಸದ್ದು ದಪ್ಪಗೆ ಚೆನ್ನಾಗಿ ಬರುತ್ತೆ. ಬ್ರಿಡ್ಜ್ (ಕೆಳಗೆ ತಂತಿ ಕಟ್ಟುವ ಜಾಗ) ಕಡೆಯ ಪಿಕಪ್ ಒಂದೇ ಆದರೂ ತೊಂದರೆ ಇಲ್ಲ. ಎರಡನ್ನೂ ಪೂರ್ತಿ ತೆರೆದ ಕೂಡಲೇ ಸದ್ದು ಸಣ್ಣಗಾಗಿ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿಸುತ್ತೆ. ಎಲ್ಲಕ್ಕಿಂತ ದಪ್ಪಗಿನ ಇ ತಂತಿಯ ಸದ್ದಿಗೆ ಗಾತ್ರವೇ ಇಲ್ಲ. ಮೂರೂ ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ) ಬದಲಾಯಿಸಿಬಿಡಲಾ? ಮತ್ತೆ, ಇದು ನಿಜವಾಗಿಯೂ ಹಳೇ ಜಾಝ್ ಬೇಸ್ ಆಗಿರಬಹುದಾ?

ಬೆಸುಗೆ:

ಪಾಟ್ ಮುಟ್ಟಬೇಡಿ. ಒಂದೊಂದೇ ಪಿಕಪ್ ಸರಿಯಾಗಿ ಕೇಳಿಸಿ, ಎರಡೂ ಸೇರಿದಾಗ ಮಾತ್ರ ಸೊರಗಿದರೆ ಅದು ಫೇಸ್ ತೊಂದರೆ. ತಂತಿ ಒಂದೇ, ಅಲುಗಾಟ ಒಂದೇ. ಆದರೆ ಒಂದು ಪಿಕಪ್ ಅದನ್ನು ಪ್ಲಸ್ ಅಂತ ಕಳಿಸಿದರೆ ಇನ್ನೊಂದು ಮೈನಸ್ ಅಂತ ಕಳಿಸುತ್ತಿದೆ. ಕೆಳಗಿನ ಸ್ವರಗಳು ಎರಡೂ ಪಿಕಪ್‌ಗೆ ಹೆಚ್ಚುಕಮ್ಮಿ ಒಂದೇ ತರಹ ಮುಟ್ಟುವುದರಿಂದ ಅವೇ ಮೊದಲು ಅಳಿಸಿಹೋಗುತ್ತವೆ. ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಬರುವ ಎತ್ತರದ ಸ್ವರಗಳು) ಎರಡು ಜಾಗದಲ್ಲಿ ಬೇರೆ ಬೇರೆಯಾಗಿ ಇರುತ್ತವೆ, ಅದಕ್ಕೆ ಅವು ಉಳಿಯುತ್ತವೆ. ಮೂಗಿನ ಸದ್ದು ಅಂದಿರಲ್ಲ, ಅದು ಹೀಗೇ ಬರೋದು.

ಕಾರಣ ಹುಡುಕೋಕೆ ಹಮ್, ಅಂದರೆ ತಂತಿ ಮೀಟದಿದ್ದರೂ ಬರುವ ಗುಂಯ್ ಸದ್ದು, ಕೇಳಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಂಪ್ ಜೋರು ಮಾಡಿ, ತಂತಿ ಮೀಟಬೇಡಿ. ಒಂದು ಪಿಕಪ್ ಮಾತ್ರ ತೆರೆದು ಗುಂಯ್ ಸದ್ದು ಎಷ್ಟಿದೆ ಕೇಳಿ. ಆಮೇಲೆ ಎರಡನ್ನೂ ಪೂರ್ತಿ ತೆರೆಯಿರಿ. ಹಮ್ ಹೆಚ್ಚಾಯಿತಾ, ಮಾಯವಾಯಿತಾ? ಜೊತೆಗೆ ಒಂದು ಚಿಕ್ಕ ದಿಕ್ಸೂಚಿಯನ್ನು ಎರಡೂ ಪಿಕಪ್‌ಗಳ ಪೋಲ್ ಪೀಸ್ (ತಂತಿಗಳ ಕೆಳಗೆ ಕಾಣುವ ಚಿಕ್ಕ ಸಲಾಕೆಗಳು) ಮೇಲೆ ಹಿಡಿದು, ಮುಳ್ಳಿನ ಯಾವ ತುದಿ ಎಳೆದುಕೊಳ್ಳುತ್ತೆ ನೋಡಿ. ಪಿಕಪ್ ಕವರ್‌ಗಳ ಉದ್ದವನ್ನೂ ಅಳೆದು ಬರೆಯಿರಿ.

ಹಳೇದಾ ಅನ್ನೋ ಪ್ರಶ್ನೆಗೆ: ಫೆಂಡರ್ ಜಾಝ್ ಬೇಸ್ ತಂದಿದ್ದು 1960ರಲ್ಲಿ. ಆಮೇಲೆ ಅದೇ ಆಕಾರದಲ್ಲಿ ಎಷ್ಟೋ ಕಂಪನಿಗಳು ಮಾಡಿವೆ. ಆಕಾರ ನೋಡಿ ಏನೂ ಹೇಳೋಕಾಗಲ್ಲ. ನೆಕ್ ಬೋಲ್ಟ್ ಹಾಕಿದ್ದು, ಬಿಚ್ಚಿ ಬೇರೆಯದನ್ನು ಕೂರಿಸಬಹುದು. ನೆಕ್‌ನ ಹಿಂಬದಿಯ ತುದಿಯಲ್ಲಿ ತಾರೀಖು ಇದ್ದರೂ ಅದು ಆ ನೆಕ್‌ನ ತಾರೀಖು ಅಷ್ಟೇ. ಕಂಟ್ರೋಲ್ ಪ್ಲೇಟ್ ಎತ್ತಿ ಪಾಟ್‌ಗಳ ಮೈ ಮೇಲೆ ಒತ್ತಿರುವ ಅಂಕಿ ಓದಿ. 1376612 ಅಂತ ಇದ್ದರೆ, 137 ಅಂದರೆ ಪಾಟ್ ಮಾಡಿದ್ದು ಸಿಟಿಎಸ್ ಕಂಪನಿ, 66 ಅಂದರೆ 1966, 12 ಅಂದರೆ ಆ ವರ್ಷದ 12ನೇ ವಾರ. 304 ಇದ್ದರೆ ಸ್ಟ್ಯಾಕ್‌ಪೋಲ್ ಕಂಪನಿ. ಸೋಲ್ಡರ್ ಯಾರೂ ಮುಟ್ಟಿಲ್ಲದಿದ್ದರೆ, ಬೇಸ್ ಆ ತಾರೀಖಿಗಿಂತ ಹಳೇದಲ್ಲ ಅಂತ ಮಾತ್ರ ಅದರಿಂದ ಗೊತ್ತಾಗುತ್ತೆ.

ಮಂದ್ರ:

ಪ್ಲೇಟ್ ಎತ್ತಿದೆ. ಪಾಟ್‌ಗಳು ಚಿಕ್ಕವು, 16 ಮಿ.ಮೀ. ಇರಬಹುದು. ಬಿ250ಕೆ ಅಂತ ಮಾತ್ರ ಇದೆ, ಬೇರೆ ಅಂಕಿ ಇಲ್ಲ. ಸ್ಕ್ರೂಗಳೆಲ್ಲ ಮೆಟ್ರಿಕ್. ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಗೆರೆ) 17 ಇಂಚು.

ಕವರ್ ಉದ್ದ: ನೆಕ್ ಕಡೆ 92, ಬ್ರಿಡ್ಜ್ ಕಡೆ 95 ಮಿ.ಮೀ. ದಿಕ್ಸೂಚಿಯ ಮುಳ್ಳಿನ ಒಂದು ತುದಿ ಒಂದು ಪಿಕಪ್‌ಗೆ, ಇನ್ನೊಂದು ತುದಿ ಇನ್ನೊಂದಕ್ಕೆ ಎಳೆಯುತ್ತೆ. ಹಮ್ ಎರಡೂ ತೆರೆದಾಗ ಜಾಸ್ತಿ. ಮಲ್ಟಿಮೀಟರ್‌ನಲ್ಲಿ ಒಂದು 7.4 ಕಿಲೋಓಮ್, ಇನ್ನೊಂದು 7.8.

ಬೆಸುಗೆ:

ಇಷ್ಟು ಚೆನ್ನಾಗಿ ಅಳೆದು ಬರೆದಿದ್ದಕ್ಕೆ ಥ್ಯಾಂಕ್ಸ್. ಗುಟ್ಟು ಇದರಲ್ಲೇ ಇದೆ.

ಮೊದಲು ಗುರುತು. 12ನೇ ಫ್ರೆಟ್ ತಂತಿಯ ನಟ್ಟನಡುವೆ ಬರುತ್ತೆ, 17ರ ಎರಡರಷ್ಟು ಅಂದರೆ 34 ಇಂಚಿನ ಫುಲ್ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ). ಮೆಟ್ರಿಕ್ ಸ್ಕ್ರೂ, ಚಿಕ್ಕ ಪಾಟ್, ಎಲ್ಲಾ ಸೇರಿಸಿದರೆ ಈಚಿನ ಕಾಪಿ ಅನ್ನೋದೇ ಸರಿ. ಬೇಜಾರಾಗಬೇಡಿ, ಒಳ್ಳೆಯ ಸದ್ದಿಗೆ ಅದೇನೂ ಅಡ್ಡಿಯಲ್ಲ. 92 ಮತ್ತು 95 ಮಿ.ಮೀ. ಇರೋದರಿಂದ ನೆಕ್ ಮತ್ತು ಬ್ರಿಡ್ಜ್ ಜೋಡಿಯನ್ನೇ ಹಾಕಿದ್ದಾರೆ. ಧ್ರುವಗಳೂ ಉಲ್ಟಾ ಇವೆ. ಅಂಥ ಜೋಡಿಯಲ್ಲಿ ಒಂದರ ಸುತ್ತೂ ಉಲ್ಟಾ, ಆಯಸ್ಕಾಂತವೂ ಉಲ್ಟಾ. ಎರಡು ಸಲ ಉಲ್ಟಾ ಆದ್ದರಿಂದ ತಂತಿಯ ಸದ್ದು ಕೂಡುತ್ತೆ. ಹಮ್‌ಗೆ ಆಯಸ್ಕಾಂತದ ಹಂಗಿಲ್ಲ, ಅದು ಕಾಯಿಲ್‌ನ ಸುತ್ತನ್ನು ಮಾತ್ರ ನೋಡುತ್ತೆ. ಅದಕ್ಕೇ ಅದು ಕಳೆದುಹೋಗಬೇಕು.

ನಿಮ್ಮಲ್ಲಿ ಪೂರ್ತಿ ತಿರುಗುಮುರುಗು ಆಗಿದೆ. ಸದ್ದು ಕಳೆಯುತ್ತಿದೆ, ಹಮ್ ಕೂಡುತ್ತಿದೆ. ಅಂದರೆ ಪಿಕಪ್ ಜೋಡಿ ಸರಿ ಇದೆ, ಒಂದರ ಎರಡು ವೈರ್ ಅದಲುಬದಲಾಗಿದೆ. ಸದ್ದು ಸೊರಗಿ ಹಮ್ ಕೂಡ ಮಾಯವಾಗಿದ್ದರೆ ಆಯಸ್ಕಾಂತ ಎರಡೂ ಒಂದೇ ದಿಕ್ಕಿನವು ಅಂತ ಅರ್ಥ ಆಗುತ್ತಿತ್ತು. ಸದ್ದು ದಪ್ಪಗಿದ್ದು ಹಮ್ ಹೆಚ್ಚಾಗಿದ್ದರೆ ಒಂದೇ ತರಹದ ಎರಡು ಪಿಕಪ್ ಹಾಕಿದ್ದಾರೆ ಅಂತ.

ಒಂದು ಪಿಕಪ್‌ನ ಬಿಳಿ ವೈರ್ ಇದ್ದ ಜಾಗಕ್ಕೆ ಕಪ್ಪು, ಕಪ್ಪು ಇದ್ದ ಜಾಗಕ್ಕೆ ಬಿಳಿ ಸೋಲ್ಡರ್ ಮಾಡಿ. ಯಾವ ಪಿಕಪ್ ಆದರೂ ನಡೆಯುತ್ತೆ. ಆದರೆ ಪಿಕಪ್ ಅಡಿಯಲ್ಲಿ ತಾಮ್ರದ ಹಾಳೆ ಅಥವಾ ಲೋಹದ ಪ್ಲೇಟ್ ಇದ್ದು, ಅದು ಕಪ್ಪು ವೈರ್‌ಗೆ ಕೂಡಿದ್ದರೆ ಅದನ್ನು ಬಿಡಿಸಿ ಬೇರೆ ವೈರ್‌ನಲ್ಲಿ ಗ್ರೌಂಡ್‌ಗೆ ಕೊಡಬೇಕು. ಮುಗಿದ ಮೇಲೆ ಪೋಲ್ ಪೀಸ್ ಮೇಲೆ ಬೆರಳಿಡಿ. ಗರ್ ಅಂತ ಸದ್ದು ಬಂದರೆ ಆ ಪಿಕಪ್ ಮೊದಲಿದ್ದ ಹಾಗೇ ಮಾಡಿ, ಇನ್ನೊಂದನ್ನು ಬದಲಿಸಿ.

ಮಂದ್ರ:

ಸೋಲ್ಡರ್ ಬದಲು ಆಯಸ್ಕಾಂತ ತಿರುಗಿಸಿದರೆ ಆಗಲ್ವಾ? ಸಲಾಕೆಗಳನ್ನು ತಳ್ಳಿ ತೆಗೆಯಬಹುದು ಅಂತ ಒಬ್ಬರು ಹೇಳಿದರು.

ಬೆಸುಗೆ:

ದಯವಿಟ್ಟು ಬೇಡ. ಇಂಥ ಎಷ್ಟೋ ಪಿಕಪ್‌ಗಳಲ್ಲಿ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ನೇರ ಆಯಸ್ಕಾಂತದ ಮೇಲೇ ಸುತ್ತಿರುತ್ತಾರೆ. ಸಲಾಕೆ ಜರುಗಿದರೆ ಒಳಗಿನ ಸುತ್ತು ಕಿತ್ತು ಪಿಕಪ್ ಸತ್ತೇಹೋಗುತ್ತೆ. ಅದು ಬದುಕಿದರೂ ನಿಮಗೆ ಅರ್ಧ ಪರಿಹಾರ. ಸದ್ದು ದಪ್ಪಗಾಗುತ್ತೆ, ಹಮ್ ಹಾಗೇ ಉಳಿಯುತ್ತೆ.

ಮಂದ್ರ:

ಬ್ರಿಡ್ಜ್ ಪಿಕಪ್ ವೈರ್ ಬದಲಿಸಿದೆ. ಎಂಥ ಸದ್ದು! ಎರಡೂ ತೆರೆದಾಗ ಇ ತಂತಿ ಎದೆಗೆ ತಾಗುತ್ತೆ, ಹಮ್ ಪೂರ್ತಿ ನಿಂತಿದೆ. ಬೆರಳಿಟ್ಟರೂ ಗರ್ ಅನ್ನಲ್ಲ. ಈಗ ಸದ್ದು ಸ್ಪಷ್ಟ ಆದ ಮೇಲೆ ಇನ್ನೊಂದು ಕಾಣಿಸಿದೆ. ಜಿ ಮತ್ತು ಡಿ ತಂತಿ 1ರಿಂದ 4ನೇ ಫ್ರೆಟ್‌ವರೆಗೆ ಚರ್ ಅಂತ ತಾಗುತ್ತೆ. ಮೇಲೆ ಹೋದರೆ ಇಲ್ಲ. 45-105 ದಪ್ಪದ ತಂತಿ ಸೆಟ್ ತೆಗೆದು ತೆಳುವಾದ 40-95 ಹಾಕಿದ್ದೇನೆ, ಬೆರಳಿಗೆ ಹಗುರ ಅಂತ.

ಫ್ರೆಟ್‌ಬೋರ್ಡ್:

ಇದನ್ನು ನಾನು ನೋಡ್ತೀನಿ. ಹಗುರ ತಂತಿ ನೆಕ್ ಅನ್ನು ಕಡಿಮೆ ಎಳೆಯುತ್ತೆ. ನೆಕ್ ನೆಟ್ಟಗಾಯಿತು, ಅಥವಾ ಸ್ವಲ್ಪ ಹಿಂದಕ್ಕೆ ಬಾಗಿತು. ಆಗ ಮೊದಲ ಫ್ರೆಟ್‌ಗಳಲ್ಲೇ ಸದ್ದು ಬರೋದು.

ಬೇಸ್ ಅನ್ನು ಶ್ರುತಿ ಮಾಡಿ, ನುಡಿಸುವ ಹಾಗೇ ತೊಡೆ ಮೇಲಿಟ್ಟುಕೊಳ್ಳಿ. 1ನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿಯೇ ಅಳತೆಪಟ್ಟಿ. 7-8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಅಲ್ಲಿ ತಂತಿಯನ್ನು ಬೆರಳಿಂದ ತಟ್ಟಿದರೆ ಟಿಕ್ ಅಂತ ಚಿಕ್ಕ ಸದ್ದು ಬರಬೇಕು. ಬರದಿದ್ದರೆ ಸಂದೇ ಇಲ್ಲ ಅಂತ.

ಟ್ರಸ್ ರಾಡ್ (ನೆಕ್ ಬಾಗು ಸರಿಪಡಿಸುವ ಒಳಗಿನ ಕಂಬಿ) ಅನ್ನು ಎಡಕ್ಕೆ, ಅಂದರೆ ಸಡಿಲದ ಕಡೆಗೆ, ಕಾಲು ಸುತ್ತು ತಿರುಗಿಸಿ. ಸರಿಯಾಗಿ ಕೂರುವ ಆಲನ್ ಕೀ ಮಾತ್ರ ಬಳಸಿ, ಅಡ್ಡಾದಿಡ್ಡಿ ಕೀ ಹಾಕಿದರೆ ಒಳಗಿನ ಮೂಲೆ ಸವೆದುಹೋಗುತ್ತೆ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಆಮೇಲೇ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು): 17ನೇ ಫ್ರೆಟ್ ಮೇಲೆ ಇ ತಂತಿ 2.4, ಜಿ ತಂತಿ 2 ಮಿ.ಮೀ. ಎತ್ತರದಿಂದ ಶುರು ಮಾಡಿ. ಈ ಕ್ರಮ ಬಿಟ್ಟು ಸುಮ್ನೆ ಸ್ಯಾಡಲ್ ಎತ್ತಿದರೆ 1ನೇ ಫ್ರೆಟ್ ಹತ್ತಿರ ಹೆಚ್ಚೇನೂ ಬದಲಾಗಲ್ಲ, ಮೇಲೆ ಮಾತ್ರ ಬೆರಳು ನೋಯುತ್ತೆ.

ಕೊನೆಗೆ 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿ ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಮಂದ್ರ:

ಟಿಕ್ ಸದ್ದು ಬರ್ತಿರಲಿಲ್ಲ, ಕಾಲು ಸುತ್ತಿಗೆ ಬಂತು. ಚರ್ ಅನ್ನೋದು ಹೋಗಿದೆ. ಕೊನೆಯದಾಗಿ ಒಂದು: ಬ್ರಿಡ್ಜ್ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಹಮ್ ಮತ್ತೆ ಕೇಳಿಸುತ್ತೆ, ತಂತಿ ಮುಟ್ಟಿದರೆ ಕಡಿಮೆ ಆಗುತ್ತೆ. ಏನಾದರೂ ಬಿಟ್ಟುಹೋಗಿದೆಯಾ?

ಬೆಸುಗೆ:

ಇಲ್ಲ, ಎಲ್ಲಾ ಸರಿ ಇದೆ. ಎರಡೂ ಸಮ ಇದ್ದಾಗ ಮಾತ್ರ ಹಮ್ ಪೂರ್ತಿ ಕಳೆಯುತ್ತೆ. ತಂತಿ ಮುಟ್ಟಿದಾಗ ಕಡಿಮೆ ಆಗೋದು ಬ್ರಿಡ್ಜ್ ಗ್ರೌಂಡ್ ಸರಿ ಇದೆ ಅನ್ನೋ ಗುರುತು. ಇನ್ನೂ ತಗ್ಗಬೇಕಾದರೆ ಪಿಕಪ್ ಕೂರುವ ಹಳ್ಳಗಳಿಗೂ ಪಾಟ್‌ಗಳಿರುವ ಹಳ್ಳಕ್ಕೂ ಒಳಗಡೆ ತಾಮ್ರದ ಟೇಪ್ ಅಂಟಿಸಿ. ತುಂಡುಗಳು ಒಂದಕ್ಕೊಂದು ತಾಗಿವೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ ಗ್ರೌಂಡ್‌ಗೆ ಜೋಡಿಸಿ. ಔಟ್‌ಪುಟ್ ಜ್ಯಾಕ್‌ನ ತುದಿ ಟೇಪ್‌ಗೆ ತಾಗದ ಹಾಗೆ ಮಾತ್ರ ನೋಡಿಕೊಳ್ಳಿ. ತಾಗಿದರೆ ಸದ್ದೇ ಬರಲ್ಲ.