ಆರು ಮಂದಿ, ಆರು ಟಿಕೆಟ್

"ಮನ್ಯಾಗ ಆರು ಮಂದಿ ಅದೀವಿ. ಆರು ಟಿಕೆಟ್ ತೆಗಿಯೂದು. ಇದ್ರಾಗ ವಿಚಾರ ಮಾಡೂದೇನದ?" ಅಂದ ಬಸಣ್ಣ, ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಚಾದಂಗಡಿಯಲ್ಲಿ ಫೋನ್ ತೆಗೆಯುತ್ತ. ನಮ್ಮ ಮಾಸ್ತರರು ಇತಿಹಾಸ ಹೇಳಿ ನಿವೃತ್ತರಾದವರು. ಯಾರಾದರೂ "ವಿಚಾರ ಮಾಡೂದೇನದ" ಅಂದರೆ ಅವರಿಗೆ ತಡೆಯುವುದಿಲ್ಲ.

"ಯಾರ್‍ಯಾರು ಹೊಂಟೀರಿ ಹೇಳು."

ಬಸಣ್ಣ, ಅವನ ಹೆಂಡತಿ, ಅರವತ್ತೆಂಟರ ಅವ್ವ, ಹನ್ನೊಂದು ವರ್ಷದ ಮಗ, ನಾಲ್ಕು ವರ್ಷದ ಮಗಳು, ಜೊತೆಗೆ ಬಿಎಸ್ಸಿ ಓದುವ ಹೆಂಡತಿಯ ತಮ್ಮ. ಹೋಗುವುದು ಹೈದರಾಬಾದಿನ ಮೋಜಿನ ಆಟಗಳ ಪಾರ್ಕ್ ವಂಡರ್‌ಲಾಕ್ಕೆ. ರಾವಿರ್ಯಾಲದ ಹತ್ತಿರ ಔಟರ್ ರಿಂಗ್ ರೋಡಿಗೆ ಇದೆ, 2016ರಲ್ಲಿ ಶುರುವಾದದ್ದು. ಬಿಡದಿಯದು ಇನ್ನೂ ಹಳೆಯದು, 2005ರದು, ನಮ್ಮ ರಾಜ್ಯದ್ದೇ. ಆದರೆ ಕಲಬುರಗಿಯವರಿಗೆ ಬೆಂಗಳೂರು ಅಂದರೆ ಇಡೀ ರಾತ್ರಿಯ ರೈಲು. ಹೈದರಾಬಾದ್ ಸುಮಾರು 220 ಕಿಲೋಮೀಟರ್, ಮುಂಜಾನೆ ಎದ್ದು ಹೊರಟರೆ ಮುಗೀತು.

"ಮಗ ಎಷ್ಟದಾನ?"

"ಹನ್ನೊಂದು ರೀ."

"ವಯಸ್ಸಲ್ಲೋ, ಎತ್ತರ."

ಬಸಣ್ಣ ತನ್ನ ಕಿವಿಯ ಹತ್ತಿರ ಕೈ ಇಟ್ಟು ತೋರಿಸಿದ. ಖಾಜಾ ಭಾಯ್ ನಕ್ಕರು. ಅವರ ಅರ್ಧ ಬಳಗ ಹೈದರಾಬಾದಿನಲ್ಲೇ ಇರುವುದರಿಂದ ಊರಿನ ಮಕ್ಕಳನ್ನೆಲ್ಲ ಅಲ್ಲಿಗೆ ಕರೆದೊಯ್ದು ತೋರಿಸುವ ಕೆಲಸ ಅವರ ಕೊರಳಿಗೇ ಬಿದ್ದಿದೆ. "ಅರೇ ಬಸಣ್ಣ, ರೈಲಿನವರು ಹುಟ್ಟಿದ ತಾರೀಕು ಕೇಳ್ತಾರ. ಅಲ್ಲಿ ಗೋಡಿಗಿ ನಿಲ್ಲಿಸಿ ಅಳೀತಾರ. 85 ಸೆಂಟಿಮೀಟರಿನೊಳಗ ಇದ್ರ ಫುಕಟ. ಅಲ್ಲಿಂದ 140ರ ತನ ಮಕ್ಕಳ ಟಿಕೆಟ್. 140 ದಾಟಿದ್ರ ಪೂರಾ ದೊಡ್ಡ ಮನಷ್ಯಾ."

"ಅಂದ್ರ ರೈಲಿನ್ಯಾಗ ಬರ್ತ್ ಬ್ಯಾಡ ಅಂದ್ರ ಅರ್ಧ ಟಿಕೆಟಿನವ, ಅಲ್ಲಿ ನನ್ನಷ್ಟೇ?"

"ನಿನ್ನಷ್ಟೇ. ಮಗಳು ಐದರೊಳಗ ಅದಾಳಂತ ರೈಲಿನ್ಯಾಗ ಪುಕ್ಸಟ್ಟೆ ಕುಂತು ಬರ್ತಾಳ, ಗೇಟಿನ್ಯಾಗ ಆಕೀಗೂ ಟಿಕೆಟ್ ಬೀಳ್ತದ."

ಬಸಣ್ಣ ಕಿರಾಣಿ ಅಂಗಡಿಯವ. ಅವನಿಗೆ ಲೆಕ್ಕ ಬಗೆಹರಿಯದಿದ್ದರೆ ನಿದ್ದೆ ಬರುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಗ ಸೊಂಟ ಬಗ್ಗಿಸಿ ನಿಂದ್ರಲಾಕ ಹೇಳ್ತೀನಿ" ಅಂದ. "ಎರಡು ಬಟ್ಟು ಕಮ್ಮಿ ಆದ್ರ ಸಾಕಲ್ಲ?"

ಇಲ್ಲಿ ನಾನು ಬಾಯಿ ಹಾಕಲೇಬೇಕಾಯಿತು. ಆ 140 ಸೆಂಟಿಮೀಟರ್ ಗೆರೆ ಟಿಕೆಟಿಗಷ್ಟೇ ಇರುವುದಲ್ಲ, ತಲೆಕೆಳಗು ಮಾಡುವ ದೊಡ್ಡ ಆಟಗಳ ಬಾಗಿಲಲ್ಲೂ ಅಳತೆ ಕೋಲು ಇರುತ್ತದೆ. ಗೇಟಿನಲ್ಲಿ ಕುಳ್ಳನಾದವನು ರೋಲರ್ ಕೋಸ್ಟರ್ ಮುಂದೆ ಸೆಟೆದು ನಿಂತರೆ ಕೈಯಲ್ಲಿ ಮಕ್ಕಳ ಟಿಕೆಟ್. ಕುಳ್ಳನಾಗೇ ಉಳಿದರೆ ದಿನವಿಡೀ ತಂಗಿಯ ಜೊತೆ ಸಣ್ಣ ಕುದುರೆ ಮೇಲೆ ಸುತ್ತಬೇಕು.

"ಅವ ಸುತ್ತಂಗಿಲ್ಲ, ಅಳ್ತಾನ" ಅಂದ ಬಸಣ್ಣ.

"ಹಂಗಾದ್ರ ನೆಟ್ಟಗ ನಿಂದ್ರಸು. ಪೂರಾ ರೊಕ್ಕ ಕೊಡು."

ಅಲ್ಲಿ ಹೋದದ್ದನ್ನು ಬೇರೆಲ್ಲಿಯಾದರೂ ಎಳೆಯಬೇಕಲ್ಲ. "ಇರ್ಲಿ, ರೈಲೇ ಬ್ಯಾಡ. ಬಸ್ಸಿಗಿ ಹೋಗ್ತೀವಿ. ಅವ್ವ, ನಮ್ಮಾಕಿ ಇಬ್ಬರದೂ ಶಕ್ತಿ ಯೋಜನಿ ಒಳಗ ಫುಕಟ."

"ಹೈದ್ರಾಬಾದ್ ಬಸ್ಸಿನ್ಯಾಗ ನಡ್ಯಂಗಿಲ್ಲ" ಅಂದರು ಮಾಸ್ತರರು. 2023ರ ಜೂನ್ 11ಕ್ಕೆ ಬಂದ ಯೋಜನೆ ರಾಜ್ಯದೊಳಗಿನ ಸಾದಾ, ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ.

"ಹುಮನಾಬಾದ್ ತನ ನಮ್ಮ ಬಸ್ಸು. ಅಲ್ಲಿ ಇಳಿದು, ಹೆಂಗರ ಮಾಡಿ ಜಹೀರಾಬಾದ್ ಮುಟ್ಟಿ, ತೆಲಂಗಾಣದವರ ಬಸ್ಸು ಹತ್ತೂದು. ಅಲ್ಲೂ ಹೆಂಗಸರಿಗಿ ಫುಕಟ ಅದ ಅಂತ ಕೇಳೀನಿ."

"ಅದ. 2023ರ ಡಿಸೆಂಬರಿನಿಂದ ಅದ. ಆದ್ರ ಆಧಾರ್ ಕಾರ್ಡಿನ್ಯಾಗ ತೆಲಂಗಾಣ ಅಂತ ಇರಬೇಕು. ಜಹೀರಾಬಾದಿಗಿ ಕೊಟ್ಟ ನಿನ್ನ ತಂಗಿಗಿ ಅಲ್ಲಿ ಫುಕಟ, ತೌರಿಗಿ ಬರಲಾಕ ಈ ಕಡಿ ರೊಕ್ಕ. ನಿನ್ನ ಹೆಂಡತಿಗಿ ಅದರ ಉಲ್ಟಾ." ಮಾಸ್ತರರು ಬಸಿಯಲ್ಲಿ ಉಳಿದ ಚಾ ಸುರಿದುಕೊಂಡರು. "ಇದೇ 1956ರ ಮೊದಲಾಗಿದ್ರ ನಾವೂ ಹೈದ್ರಾಬಾದ್ ರಾಜ್ಯದವರೇ. ಒಂದೇ ಯೋಜನಿ ಒಳಗ ಚಾರ್ ಮಿನಾರ್ ತನ ಬಿಡ್ತಿದ್ರು."

ರಾಜ್ಯ ಪುನರ್ವಿಂಗಡಣೆಯನ್ನು ಬಸ್ ಚಾರ್ಜಿನಲ್ಲಿ ಅಳೆದವರು ಬಹುಶಃ ಇವರೊಬ್ಬರೇ.

ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬಗ್ಗೆ ಹೆಚ್ಚು ಜಗಳವಾಗಲಿಲ್ಲ. ಸಾಲು ತಪ್ಪಿಸಿ ಬೇಗ ಒಳಗೆ ಹೋಗಲು ಹೆಚ್ಚು ರೊಕ್ಕ ಕೊಡುವ ಟಿಕೆಟ್ ಅದು. ರವಿವಾರ, ಹಬ್ಬದ ರಜೆಯಲ್ಲಿ ಹೋದರೆ ಅದಕ್ಕೆ ಬೆಲೆ. ಮಂಗಳವಾರ, ಬುಧವಾರ ಹೋದರೆ ಇಲ್ಲದ ಸಾಲನ್ನು ತಪ್ಪಿಸಲು ದುಡ್ಡು ಕೊಟ್ಟಂತೆ. ವಾರದ ದಿನ ಸಾದಾ ಟಿಕೆಟಿನ ದರವೂ ಕಮ್ಮಿ. ಬಸಣ್ಣನ ಅಂಗಡಿಗೆ ರವಿವಾರದ ವ್ಯಾಪಾರವೇ ಮುಖ್ಯ, ಹಾಗಾಗಿ ಬುಧವಾರ ಎಂದಾಯಿತು. ಹೆಂಡತಿಯ ತಮ್ಮನಿಗೆ ಕಾಲೇಜಿನ ಐಡಿ ಕಾರ್ಡ್ ಮರೆಯದೆ ತರಲು ಹೇಳಬೇಕು, ವಿದ್ಯಾರ್ಥಿಗಳ ರಿಯಾಯಿತಿ ಕಾರ್ಡ್ ನೋಡಿಯೇ ಕೊಡುವುದು. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುವಂತಿಲ್ಲ, ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಶೇಂಗಾ ಹಿಂಡಿಯೂ ಇಲ್ಲವೇ ಎಂದು ಬಸಣ್ಣ ಕೇಳಿದ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಉಳಿದದ್ದು ಅವ್ವ.

"ಅವ್ವ ಆಡೂದೇ ಇಲ್ಲ. ಖಾಲಿ ಕೂಡಾಕಿ. ಆಕಿಗಿ ಕೂಡೂ ಟಿಕೆಟ್ ಇಲ್ಲೇನು?"

"ಇಲ್ಲ. ಆಡ್ಲಿ, ಬಿಡ್ಲಿ, ಗೇಟ್ ದಾಟಿದ್ರ ಟಿಕೆಟ್. ಅರವತ್ತು ದಾಟಿದವರಿಗಿ ಒಂದಿಷ್ಟು ಬಿಡ್ತಾರ, ಆಧಾರ್ ತೊಗೊಂಡು ಹೋಗು" ಅಂದರು ಖಾಜಾ ಭಾಯ್. ಅವರ ಪ್ರಕಾರ ಅವ್ವನಂಥವರಿಗೆ ರಾಮೋಜಿ ಫಿಲ್ಮ್ ಸಿಟಿಯೇ ಛಲೋ. 1996ರಿಂದ ಇದೆ, ಜಗತ್ತಿನ ಅತಿ ದೊಡ್ಡ ಸಿನಿಮಾ ಸ್ಟುಡಿಯೋ ಅಂತ ಗಿನ್ನೆಸ್ ದಾಖಲೆ ಬೇರೆ. ಬಸ್ಸಿನಲ್ಲಿ ಕೂರಿಸಿ ಸೆಟ್ಟು ತೋರಿಸುತ್ತಾರೆ, ಎಸಿ ಬಸ್ಸು, ಊಟ ಎಲ್ಲ ಸೇರಿದ ದುಬಾರಿ ಟಿಕೆಟ್ಟೂ ಸಿಗುತ್ತದೆ. ನನಗೂ ಅದೇ ಸರಿ ಅನಿಸಿತು: ನೋಡುವವರು ಹೆಚ್ಚಿದ್ದರೆ ರಾಮೋಜಿ, ಆಡುವವರು ಹೆಚ್ಚಿದ್ದರೆ ವಂಡರ್‌ಲಾ. ಎರಡನ್ನೂ ಒಂದೇ ದಿನ ಮಾಡುತ್ತೇನೆಂದು ಹೊರಟವರು ಎರಡರ ಪಾರ್ಕಿಂಗ್ ಮಾತ್ರ ನೋಡಿ ಬರುತ್ತಾರೆ.

"ನೀರಿನ ಆಟಕ್ಕ ಸೀರಿ ನಡ್ಯಂಗಿಲ್ಲ ಮತ್ತ" ಅಂತ ಸೇರಿಸಿದರು ಭಾಯ್. "ನೈಲಾನ್ ಅರಿವಿ ಬೇಕು."

ಅವ್ವನನ್ನೇ ಕೇಳೋಣವೆಂದು ಬಸಣ್ಣ ಫೋನ್ ಹಚ್ಚಿ ಸ್ಪೀಕರ್ ಮಾಡಿದ. ಎಲ್ಲವನ್ನೂ ವಿವರಿಸಿದ.

"ನನಗ ರಿಯಾಯ್ತಿ ಯಾಕೋ? ಆಟ ಕಮ್ಮಿ ಆಡಸ್ತಾರೇನು?" ಅಂತ ಬಂತು ಆ ಕಡೆಯಿಂದ.

"ಇಲ್ಲಬೇ, ಆಟ ಎಲ್ಲರಿಗೂ ಅಷ್ಟೇ."

"ಹಂಗಾದ್ರ ನಾ ಯಾಕ ಖಾಲಿ ಕೂಡ್ಲಿ? ಸುಡು ಬ್ಯಾಸಗ್ಯಾಗ ಮೊಮ್ಮಕ್ಕಳು ನೀರಾಗ ಇರ್ತಾವ, ನಾ ಚೀಲ ಕಾಯ್ತಾ ಕೂಡ್ಬೇಕೇನು? ಆ ಅರಿವಿ ನನಗೂ ಒಂದು ತೊಗೊ. ಉದ್ದ ತೋಳಿಂದು ಇರ್ಲಿ." ಫೋನ್ ಕಟ್ಟಾಯಿತು.

ಬಸಣ್ಣ ಪೆನ್ನು ತೆಗೆದು ಲೆಕ್ಕದ ಚೀಟಿಯಲ್ಲಿ ಅವ್ವನ ಹೆಸರಿನ ಮುಂದೆ ಏನೋ ಹೊಡೆದು ಬರೆದ. ಮಾಸ್ತರರು ಬಗ್ಗಿ ನೋಡಿದರು.

"ಬಸಣ್ಣ, ನಿಮ್ಮವ್ವ ಭಾಳ ಕುಳ್ಳ ಅದಾರಲ್ಲೋ. 140 ಆಗ್ತಾರೇನು? ಒಳಗ ಬಿದ್ರ ಮಕ್ಕಳ ಟಿಕೆಟ್, ಮ್ಯಾಲ ಬಿದ್ರ ಮುದುಕರ ಟಿಕೆಟ್. ಯಾವ್ದು ಕಮ್ಮಿ ಬೀಳ್ತದ ನೋಡಬೇಕಲ್ಲ."

"ಅಳತಿ ಪಟ್ಟಿ ತೊಗೊಂಡು ನೀವೇ ಹೋಗಿ ಕೇಳ್ರಿ ಮಾಸ್ತರ್" ಅಂದ ಬಸಣ್ಣ. "ನಾ ಬುಧವಾರದ ತನ ಅದೇ ಮನ್ಯಾಗ ಉಣ್ಣಬೇಕು."